ಎರಡು ವಾಪಸ್, ನಾಲ್ಕು ಮೇಲೆ

ಜೇವರ್ಗಿಯ ಪಂಚಶೀಲಾಳ ಕೈಗಳು ದೊಡ್ಡವು. ಅಂಗೈ ಅಗಲ, ಬೆರಳು ಉದ್ದ. ಬಳೆ ತೊಡಿಸಲು ಬರುತ್ತಿದ್ದ ಹೆಂಗಸು ಡಜನ್‌ಗಟ್ಟಲೆ ಬಳೆ ಒಡೆದುಕೊಂಡು, "ಈ ಪೋರಿಗಿ ಬಳಿ ಬ್ಯಾಡ್ರೆವ್ವಾ, ಕಡಗ ಹಾಕ್ಸ್ರಿ" ಎಂದು ಕೈಮುಗಿದು ಹೋಗಿದ್ದಳು. ಅವ್ವ ಮಾಳಮ್ಮನಿಗೆ ಆ ದಿನ ಬಹಳ ಬೇಜಾರಾಗಿತ್ತು. ಆದರೆ ಅಪ್ಪ ಧಮ್ಮಪಾಲ ಮಗಳ ಎರಡೂ ಕೈ ಹಿಡಿದು ತಿರುಗಿಸಿ ನೋಡಿ, "ಲಾರಿ ಮ್ಯಾಲಿಂದ ತೋರಿಸಿದ್ರ ಗೇಟಿನ ತನಕ ಕಾಣ್ತಾವ ನೋಡ" ಎಂದಿದ್ದ. ಹಮಾಲನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಧಮ್ಮಪಾಲ ಮೂವತ್ತು ವರ್ಷದಿಂದ ಒಂದೇ ದಾಲ್ ಮಿಲ್ಲಿನಲ್ಲಿ ಲಾರಿಗೆ ಚೀಲ ಏರಿಸುವವನು. ತೊಗರಿ ಒಡೆಯುವ ಯಂತ್ರ ಶುರುವಾಯಿತೆಂದರೆ ಆ ಅಂಗಳದಲ್ಲಿ ಮಾತು ಸತ್ತ ಹಾಗೆ. ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಲೆಕ್ಕವೆಲ್ಲ ಕೈಯಲ್ಲಿ. ಲಾರಿಯ ಮೇಲೆ ನಿಂತ ಧಮ್ಮಪಾಲ ಅಂಗೈ ತೋರಿಸಿ ನಾಲ್ಕು ಬೆರಳು ಎತ್ತಿದರೆ ನಾಲ್ಕು ಚೀಲ ಏರಿದವು ಎಂದರ್ಥ. ಕೈ ತಿರುಗಿಸಿ, ಕೈಬೆನ್ನು ತೋರಿಸಿ ಎರಡು ಎತ್ತಿದರೆ ಎರಡು ಚೀಲ ಹರಿದಿವೆ ಇಲ್ಲವೇ ತೊಯ್ದಿವೆ, ವಾಪಸ್ ಬರುತ್ತವೆ ಎಂದರ್ಥ. ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಗುಮಾಸ್ತ ಗುರುಶಾಂತ ತಾನೂ ಕೈ ಎತ್ತಿ ಅದೇ ಲೆಕ್ಕವನ್ನು ತಿರುಗಿ ತೋರಿಸಬೇಕು. ಇದಕ್ಕೆ ಅವರು ಜವಾಬ್ ಅನ್ನುತ್ತಾರೆ. ಜವಾಬ್ ಸರಿ ಬಂದರೆ ಮಾತ್ರ ಮುಂದಿನ ಚೀಲಕ್ಕೆ ಕೈ, ಇಲ್ಲದಿದ್ದರೆ ಧಮ್ಮಪಾಲ ಅಲುಗುವವನಲ್ಲ. ಮಧ್ಯಾಹ್ನ ರೊಟ್ಟಿ ಗಂಟು ತರುತ್ತಿದ್ದ ಪುಟ್ಟ ಪಂಚಶೀಲಾ ಅಕ್ಷರ ಕಲಿಯುವ ಮೊದಲೇ ಈ ಕೈಲೆಕ್ಕ ಕಲಿತಳು.

ಮುಂದೆ ಸರ್ಕಾರಿ ಹಾಸ್ಟೆಲಿನ ಅಂಗಳದಲ್ಲಿ, ಜಾಲಿಯಿಲ್ಲದ ಒಂದು ಕಬ್ಬಿಣದ ಬಳೆಗೆ ಚೆಂಡು ಹಾಕುತ್ತಾ ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿಸಿಕೊಂಡಳು. ಕಾಲೇಜಿಗೆ ಆಡಿದಳು, ದೈಹಿಕ ಶಿಕ್ಷಣ ಓದಿದಳು, ಯಡ್ರಾಮಿಯ ಕಡೆ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾದಳು. ಅತಿಥಿ ಎಂದರೆ ಗೊತ್ತಲ್ಲ, ವರ್ಷಕ್ಕೊಮ್ಮೆ ಬಾಗಿಲ ಹೊರಗೆ ನಿಂತು ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವವರು. ಮೊಣಕಾಲು ನೋವಿನಿಂದ ಆಟ ಬಿಡಬೇಕಾಗಿ ಬಂದಾಗ ಅವಳು ಕೊರಗುತ್ತಾ ಕೂಡಲಿಲ್ಲ, ಸೀಟಿ ಕೊರಳಿಗೆ ಹಾಕಿಕೊಂಡು ರೆಫ್ರಿಯಾದಳು. ತಾಲೂಕಿನ ಮ್ಯಾಚುಗಳನ್ನು ನಡೆಸಿ ನಡೆಸಿ, ರಾಜ್ಯದ ರೆಫ್ರಿಗಳ ಪಟ್ಟಿಗೆ ಸೇರಬೇಕೆಂಬ ಆಸೆ ಹತ್ತಿತು. ನಮ್ಮ ಈ ಮೂರು ತಾಲೂಕು, ಆಳಂದ, ಅಫಜಲಪುರ, ಜೇವರ್ಗಿಯಿಂದ ಆ ಪಟ್ಟಿಯಲ್ಲಿ ಅದುವರೆಗೆ ಒಬ್ಬ ಹೆಣ್ಣುಮಗಳ ಹೆಸರೂ ಇರಲಿಲ್ಲ. ಬರೆಯುವ ಪರೀಕ್ಷೆಯನ್ನು ಅವಳು ಸಲೀಸಾಗಿ ಪಾಸು ಮಾಡಿದಳು. ಉಳಿದದ್ದು ಅಂಗಳದ ಪರೀಕ್ಷೆ. ಅದಕ್ಕೆ ಎರಡೇ ಅವಕಾಶ. ಎರಡೂ ಕೈತಪ್ಪಿದರೆ ಮೂರು ವರ್ಷ ಕಾಯಬೇಕು.

ಇಲ್ಲಿ ಸ್ವಲ್ಪ ನಿಂತು ಆ ಕೈಸನ್ನೆಯ ವಿಷಯ ಹೇಳಿಬಿಡುತ್ತೇನೆ, ಕಥೆಯೆಲ್ಲ ಅದರ ಮೇಲೇ ನಿಂತಿದೆ. ಆಟದಲ್ಲಿ ಒಬ್ಬಳು ಇನ್ನೊಬ್ಬಳ ಕೈಗೆ ಹೊಡೆದಳೆನ್ನಿ. ರೆಫ್ರಿ ಸೀಟಿ ಊದಿ, ಸ್ಕೋರ್ ಬರೆಯುವ ಮೇಜಿನ ಎದುರಿಗೆ ಬಂದು ನಿಂತು, ತಪ್ಪು ಮಾಡಿದವಳ ಬೆನ್ನಿನ ನಂಬರನ್ನು ಬೆರಳಲ್ಲಿ ತೋರಿಸಬೇಕು. ಐದರ ತನಕ ಬಲಗೈ ಒಂದೇ ಸಾಕು. ಆರರಿಂದ ಹತ್ತಕ್ಕೆ ಬಲಗೈಯ ಐದು ಬೆರಳಿಗೆ ಎಡಗೈಯವು ಕೂಡಿಕೊಳ್ಳುತ್ತವೆ. ಹನ್ನೊಂದರಿಂದ ಹದಿನೈದಕ್ಕೆ ಬಲಗೈ ಮುಷ್ಟಿಯೇ ಹತ್ತು, ಉಳಿದದ್ದು ಎಡಗೈ. ಒಂದು ಕಾಲಕ್ಕೆ ನಂಬರುಗಳು ಅಲ್ಲಿಗೇ ಮುಗಿಯುತ್ತಿದ್ದವು, ಕೂಡಿಸುವುದು ಬಂದರೆ ಸಾಕಿತ್ತು. ಈಗ ಹುಡುಗಿಯರು ತೊಂಬತ್ತೊಂಬತ್ತರ ತನಕ ಬೇಕಾದ ನಂಬರು ಹಾಕಿಕೊಳ್ಳುತ್ತಾರೆ. ಅದಕ್ಕೆ ಹದಿನಾರರಿಂದ ಮೇಲೆ ಎರಡು ಹೆಜ್ಜೆ. ಮೊದಲು ಕೈಬೆನ್ನನ್ನು ಮೇಜಿನ ಕಡೆ ಮಾಡಿ ಹತ್ತರ ಅಂಕಿ, ಆಮೇಲೆ ಅಂಗೈ ತೋರಿಸಿ ಬಿಡಿ ಅಂಕಿ. ಇಪ್ಪತ್ತನಾಲ್ಕು ಎಂದರೆ ಕೈಬೆನ್ನಲ್ಲಿ ಎರಡು, ಅಂಗೈಯಲ್ಲಿ ನಾಲ್ಕು. ಒಬ್ಬಳ ಹೆಸರಿಗೆ ಐದು ಫೌಲ್ ಬಿದ್ದರೆ ಅವಳು ಹೊರಗೆ, ಆ ದಿನ ಮತ್ತೆ ಆಡುವ ಹಾಗಿಲ್ಲ.

ಮೊದಲ ಪರೀಕ್ಷೆ ಅಫಜಲಪುರದಲ್ಲಿ ಆಯಿತು. ಊರಿನ ತಂಡಕ್ಕೂ ನಿಂಬರ್ಗಾದ ಹುಡುಗಿಯರಿಗೂ ಮ್ಯಾಚು. ಪರೀಕ್ಷಕರಾಗಿ ಬಂದವರು ಮಹಾದೇವಪ್ಪ, ಸೀಟಿ ಊದಿ ಊದಿ ಕೆನ್ನೆ ಜೋತುಬಿದ್ದ ಹಿರಿಯ ರೆಫ್ರಿ. ಸ್ಕೋರ್ ಬರೆಯಲು ಕೂತವರು ನಿವೃತ್ತ ಮಾಸ್ತರ ಕಲ್ಯಾಣಕುಮಾರ, ಹದಿನೈದಕ್ಕೇ ನಂಬರು ಮುಗಿಯುತ್ತಿದ್ದ ಕಾಲದವರು. ಆಟ ಬಿಸಿಯಾದಾಗ ನಿಂಬರ್ಗಾದ ಇಪ್ಪತ್ತನಾಲ್ಕನೇ ನಂಬರಿನ ಅನುರಾಧಾ ಒಬ್ಬಳನ್ನು ತಳ್ಳಿದಳು. ಪಂಚಶೀಲಾ ಸೀಟಿ ಊದಿ ಮೇಜಿನ ಎದುರು ಬಂದಳು. ತಲೆ 'ಕೈಬೆನ್ನಲ್ಲಿ ಎರಡು' ಎಂದಿತು, ಕೈ ಕೇಳಲಿಲ್ಲ. ಆ ಕೈಗೆ ಐದು ವರ್ಷದ ವಯಸ್ಸಿನಿಂದ ಗೊತ್ತಿದ್ದದ್ದು ಒಂದೇ, ಕೈಬೆನ್ನೆಂದರೆ ವಾಪಸ್. ಗಡಿಬಿಡಿಯಲ್ಲಿ ಅಂಗೈಯಲ್ಲೇ ಎರಡು ತೋರಿಸಿ ಅಂಗೈಯಲ್ಲೇ ನಾಲ್ಕು ತೋರಿಸಿ ತಿರುಗಿ ಓಡಿದಳು. ಕಲ್ಯಾಣಕುಮಾರ ಮಾಸ್ತರರು ತಮ್ಮ ಹಳೆಯ ಅಭ್ಯಾಸದಂತೆ ಎರಡು ನಾಲ್ಕು ಕೂಡಿಸಿ ಆರು ಎಂದು ಬರೆದರು.

ಆರನೇ ನಂಬರು ಶಿವಕಾಂತಾಳದು, ನಿಂಬರ್ಗಾ ತಂಡದ ಜೀವವೇ ಅವಳು. ಅವಳ ಹೆಸರಿಗೆ ಆಗಲೇ ನಾಲ್ಕು ಫೌಲ್ ಇತ್ತು. ಮೇಜಿನವರು ಜೊತೆಗಿದ್ದ ಇನ್ನೊಬ್ಬ ರೆಫ್ರಿಯನ್ನು ಕರೆದು ಐದಾಯಿತು ಎಂದರು, ಅವನು ಅವಳನ್ನು ಹೊರಗೆ ಕಳಿಸಿದ. ಪಂಚಶೀಲಾ ಆಚೆ ತುದಿಯಲ್ಲಿ ಫ್ರೀ ಥ್ರೋಗೆ ಹುಡುಗಿಯರನ್ನು ನಿಲ್ಲಿಸುತ್ತಿದ್ದಳು, ಬದಲಿ ಆಟಗಾರ್ತಿ ಬಂದಳೆಂದುಕೊಂಡಳು. ನಿಂಬರ್ಗಾ ಎರಡು ಪಾಯಿಂಟಿನಿಂದ ಸೋತಿತು. ಮ್ಯಾಚು ಮುಗಿದ ಮೇಲೆ ಶಿವಕಾಂತಾ ಅವಳ ಎದುರು ಬಂದು, "ನಾ ಆಕಿ ಹತ್ರಾನೂ ಇದ್ದಿಲ್ರಿ ಮೇಡಂ. ನನಗ್ಯಾಕ ಹೊರಗ ಹಾಕಿದ್ರಿ?" ಎಂದು ಕೇಳಿದಳು. ಪಂಚಶೀಲಾಳಿಗೆ ಆಗಲೇ ಗೊತ್ತಾದದ್ದು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಹಾದೇವಪ್ಪನವರು ಹಾಳೆಯ ಮೇಲೆ ಒಂದೇ ಸಾಲು ಬರೆದರು. 'ತೀರ್ಪು ಸರಿ, ಕೈಸನ್ನೆ ತಪ್ಪು, ಅನುತ್ತೀರ್ಣ.' ಆ ಸಾಲು ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಚಹಾ ಕುಡಿಯುತ್ತಾ ನಿಂತಿದ್ದ ಒಬ್ಬ ಕೋಚ್ ಅವಳಿಗೆ ಕೇಳುವ ಹಾಗೆ ಆಡಿದ ಮಾತು. "ಹಮಾಲರ ಮಗಳಲ್ಲೇನ್ರಿ, ಚೀಲ ಎಣಿಸಿದಂಗ ಎಣಿಸ್ಯಾಳ" ಎಂದ ಅವನು. ಸುತ್ತ ನಿಂತ ನಾಲ್ಕು ಜನ ನಕ್ಕರು. ಚಹಾಕ್ಕೆ ಅವನ ನಾಲಿಗೆ ಸುಟ್ಟಿದ್ದರೆ ನನಗೆ ಸಂತೋಷವಾಗುತ್ತಿತ್ತು, ಆದರೆ ಅದು ಆರಿದ ಚಹಾ.

ಮನೆಗೆ ಬಂದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಮಾಳಮ್ಮ ತಟ್ಟೆಯನ್ನು ಅವಳ ಮುಂದೆ ಕುಕ್ಕಿ, "ತಪ್ಪಾಗ್ಯಾದ ಅಂದ್ರ ತಿದ್ಕೋಬೇಕು. ರೊಟ್ಟಿ ಮ್ಯಾಲ ಯಾಕ ಸಿಟ್ಟು ಬೇ?" ಎಂದಳು. ಪಂಚಶೀಲಾ ರೊಟ್ಟಿ ಮುರಿದು ತಿಂದು, ಮಿಲ್ಲಿನ ಯಂತ್ರ ನಿಲ್ಲುವ ಹೊತ್ತಿಗೆ ಅಪ್ಪನ ಹತ್ತಿರ ಹೋದಳು.

"ಅಪ್ಪಾ, ನೀ ಟೇಬಲ್‌ದಾಗ ಕುಂತಾಂವ ಅಂತ ತಿಳ್ಕೋ. ನಾ ನಂಬರ್ ತೋರಿಸ್ತೇನಿ, ನೀ ಹೇಳು."

ಧಮ್ಮಪಾಲ ಗುಮಾಸ್ತನ ಕುರ್ಚಿಯ ಮೇಲೆ ಕೂತ. ಆ ಕುರ್ಚಿಯ ಮೇಲೆ ಮೂವತ್ತು ವರ್ಷದಲ್ಲಿ ಅದೇ ಮೊದಲ ಸಲ ಕೂತದ್ದು, ಸ್ವಲ್ಪ ಬಿಗುಮಾನವೂ ಬಂತು. ಪಂಚಶೀಲಾ ಕೈಬೆನ್ನಲ್ಲಿ ಎರಡು, ಅಂಗೈಯಲ್ಲಿ ನಾಲ್ಕು ತೋರಿಸಿದಳು.

"ಎರಡು ವಾಪಸ್, ನಾಲ್ಕು ಮ್ಯಾಲ" ಎಂದ ಧಮ್ಮಪಾಲ. "ಅಂದ್ರ ಲಾರಿದಾಗ ಎರಡು ಉಳದ್ವು."

"ಎರಡಲ್ಲಪ್ಪಾ. ಇಪ್ಪತ್ನಾಕು."

"ಎಲ್ಲಿ ಇಪ್ಪತ್ನಾಕು? ಹರಿದಿದ್ದು ಎರಡು ಚೀಲ ತೋರಿಸಿದಿ ನೀ."

ಹೀಗೆ ವಾರಗಟ್ಟಲೆ ನಡೆಯಿತು. ಹದಿನಾರು ತೋರಿಸಿದರೆ ಅಪ್ಪ ಐದು ಅನ್ನುತ್ತಿದ್ದ. ಮೂವತ್ತೊಂದು ತೋರಿಸಿದರೆ, "ಏರಿಸಿದ್ದು ಒಂದು, ವಾಪಸ್ ಮೂರು ಹ್ಯಾಂಗ ಬರ್ತಾವ? ಕಳ್ಳ ಲೆಕ್ಕ ಅದು" ಎಂದು ರೇಗುತ್ತಿದ್ದ. ಮಗಳಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಏಕೆಂದರೆ ಅಪ್ಪನ ತಲೆಯಲ್ಲಿ ನಡೆಯುತ್ತಿದ್ದದ್ದೇ ಅವಳ ಬೆರಳಲ್ಲೂ ನಡೆಯುತ್ತಿತ್ತು. ಸಂಜೆ ನೂರು ಸಲ ಕೈ ತಿರುಗಿಸಿ ಕಲಿತದ್ದನ್ನು, ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ರೊಟ್ಟಿ ಕೊಡಲು ಬಂದು ಲಾರಿಯ ಕಡೆ ನೋಡಿದೊಡನೆ ಬೆರಳುಗಳು ಮರೆಯುತ್ತಿದ್ದವು.

ಗಂಟು ಬಿಡಿಸಿದವನು ಮುರ್ತುಜಾ. ಅವನು ಹಮಾಲರ ಮುಕದ್ದಮ, ಅಂದರೆ ಆ ಇಪ್ಪತ್ತು ಜನರ ಗುಂಪಿಗೆ ಹಿರಿಯ. ದಿನಾ ಬೀಡಿ ಸೇದುತ್ತಾ ಈ ತಮಾಷೆ ನೋಡುತ್ತಿದ್ದವನು ಒಂದು ಸಂಜೆ ಎದ್ದು ಬಂದ.

"ಧಮ್ಮಣ್ಣಾ, ಪೋರಿ ಕೈಗಿ ಎರಡು ಮಾತು ಕಲಿಸಬ್ಯಾಡ. ಅದು ಗಲತ್ ಆಗ್ತದ. ಆಕಿ ಆಟದ ಕಾನೂನು ಬದಲಿ ಆಗಂಗಿಲ್ಲ. ನಮ್ಮ ಕಾನೂನು ನಮ್ಮ ಕೈಯಾಗೇ ಅದ. ನಾವೇ ಬದಲಿ ಮಾಡಮು."

"ವಾಪಸ್‌ಗೆ ಏನ್ ತೋರ್ಸೂದು ಮತ್ತ?" ಎಂದ ಧಮ್ಮಪಾಲ.

ಎಲ್ಲರೂ ಪಂಚಶೀಲಾಳ ಮುಖ ನೋಡಿದರು. ಅವಳು ಒಂದು ಗಳಿಗೆ ಯೋಚಿಸಿ, ಎರಡೂ ಮುಷ್ಟಿ ಕಟ್ಟಿ, ಒಂದರ ಸುತ್ತ ಒಂದನ್ನು ಗಿರಿಗಿರಿ ತಿರುಗಿಸಿದಳು. ಚೆಂಡನ್ನು ನೆಲಕ್ಕೆ ಕುಟ್ಟದೆ ಹಿಡಿದುಕೊಂಡೇ ನಡೆದರೆ ರೆಫ್ರಿ ತೋರಿಸುವ ಸನ್ನೆ ಅದು. ಹಮಾಲರಿಗೆ ಅದು ಎಷ್ಟು ಹಿಡಿಸಿತೆಂದರೆ ಮರುದಿನ ಚೆನ್ನಾಗಿದ್ದ ಚೀಲಕ್ಕೂ ಇಬ್ಬರು ಮುಷ್ಟಿ ತಿರುಗಿಸಿ ಗುರುಶಾಂತನಿಂದ ಬೈಸಿಕೊಂಡರು. ಅಂದಿನಿಂದ ಆ ಮಿಲ್ಲಿನಲ್ಲಿ ಕೈಬೆನ್ನೆಂದರೆ ಹತ್ತರ ಲೆಕ್ಕ. ಇಪ್ಪತ್ತನಾಲ್ಕು ಚೀಲಕ್ಕೆ ಐದೈದಾಗಿ ಕೈ ಬೀಸುವ ಕಷ್ಟ ತಪ್ಪಿತು ಎಂದು ಗುರುಶಾಂತನೂ ಒಪ್ಪಿದ. ಮಗಳೊಬ್ಬಳ ಪರೀಕ್ಷೆಗೆಂದು ಇಪ್ಪತ್ತು ಜನ ಜೀವಮಾನದ ಅಭ್ಯಾಸ ಬಿಟ್ಟರು. ಯಾವ ಯೂನಿವರ್ಸಿಟಿಯೂ ಇಷ್ಟು ಮಾಡುವುದನ್ನು ನಾನು ನೋಡಿಲ್ಲ.

ಪಂಚಶೀಲಾ ಅವರಿಂದ ಇನ್ನೊಂದನ್ನೂ ತೆಗೆದುಕೊಂಡಳು, ಜವಾಬ್. ತಾನು ತೋರಿಸಿದ್ದನ್ನು ಮೇಜಿನವರು ತಿರುಗಿ ತೋರಿಸುವ ತನಕ ಕಾಲು ಕೀಳುವುದಿಲ್ಲ ಎಂದು ನಿಶ್ಚಯ ಮಾಡಿದಳು. ಅಫಜಲಪುರದಲ್ಲಿ ತಿರುಗಿ ಓಡದೆ ಮೂರು ಸೆಕೆಂಡ್ ನಿಂತಿದ್ದರೆ ಶಿವಕಾಂತಾ ಅಳಬೇಕಿರಲಿಲ್ಲ ಎಂಬುದು ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು.

ಎರಡನೆಯ ಪರೀಕ್ಷೆ ಆಳಂದದಲ್ಲಿ, ಮೂರು ತಾಲೂಕಿನ ಹೆಣ್ಣುಮಕ್ಕಳ ಪಂದ್ಯಾವಳಿಯ ಫೈನಲ್. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ. ಎದುರಾದವರು ಮತ್ತೆ ನಿಂಬರ್ಗಾ, ಅಫಜಲಪುರ. ಪರೀಕ್ಷಕರು ಮತ್ತೆ ಮಹಾದೇವಪ್ಪ, ಬರೆಯಲು ಮತ್ತೆ ಕಲ್ಯಾಣಕುಮಾರ ಮಾಸ್ತರ. ಮಿಲ್ಲಿಗೆ ರಜೆ, ಮುರ್ತುಜಾ ಒಂದು ಟೆಂಪೊ ಗೊತ್ತುಮಾಡಿ ಹಮಾಲರನ್ನೆಲ್ಲ ತುಂಬಿಕೊಂಡು ಬಂದಿದ್ದ. ಅವರು ಸ್ಕೋರ್ ಮೇಜಿನ ಹಿಂದಿನ ಕಟ್ಟೆಯ ಮೇಲೆ ಸಾಲಾಗಿ ಕೂತರು. ಧಮ್ಮಪಾಲ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಡುವೆ ಕೂತಿದ್ದ, ನೀರು ಕುಡಿಯಲೂ ಏಳುತ್ತಿರಲಿಲ್ಲ.

ಆಟಕ್ಕೆ ಮುಂಚೆ ಪಂಚಶೀಲಾ ಮೇಜಿನ ಹತ್ತಿರ ಹೋಗಿ, "ಮಾಸ್ತರ್ರೀ, ನಾ ತೋರಿಸಿದ ನಂಬರ ನೀವೂ ಕೈ ಎತ್ತಿ ತೋರಿಸ್ಬೇಕ್ರಿ. ಅಲ್ಲೀತನಕ ನಾ ನಿಂತೇ ಇರ್ತೇನಿ" ಎಂದಳು.

"ನನ್ನ ಮ್ಯಾಲ ಭರೋಸಾ ಇಲ್ಲೇನಮ್ಮಾ?" ಎಂದರು ಅವರು, ಸ್ವಲ್ಪ ಮುಖ ಸಿಂಡರಿಸಿ.

"ನನ್ನ ಕೈ ಮ್ಯಾಲೇ ನನಗ ಭರೋಸಾ ಇಲ್ರಿ. ಹೋದ ಸಲದ ತಪ್ಪು ನಂದು."

ಮಾಸ್ತರರು ಕರಗಿಹೋದರು. ತಮ್ಮದೂ ಒಂದು ಪಾಲು ಇತ್ತೆಂದು ಅವರಿಗೆ ಗೊತ್ತಿತ್ತು.

ಮೂರು ಕ್ವಾರ್ಟರ್ ಸರಾಗವಾಗಿ ನಡೆಯಿತು. ಅವಳು ತೋರಿಸುವಳು, ಮಾಸ್ತರರು ಜವಾಬ್ ಕೊಡುವರು, ಆಟ ಮುಂದುವರಿಯುವುದು. ಕೊನೆಯ ನಿಮಿಷಕ್ಕೆ ಐವತ್ತೊಂದು ಐವತ್ತೊಂದು ಸಮ. ಎರಡೂ ಊರಿನವರು ಹಲಗಿ ಬಾರಿಸತೊಡಗಿದರು, ಆ ಗದ್ದಲದ ಮುಂದೆ ದಾಲ್ ಮಿಲ್ಲೂ ಸೋಲಬೇಕು. ಶಿವಕಾಂತಾಳ ಹೆಸರಿಗೆ ಈ ಸಲವೂ ನಾಲ್ಕು ಫೌಲ್ ಆಗಿತ್ತು. ಮೂವತ್ತೆಂಟು ಸೆಕೆಂಡ್ ಉಳಿದಾಗ ಅಫಜಲಪುರದ ಹುಡುಗಿ ಚೆಂಡು ಎತ್ತಿ ಜಿಗಿದಳು. ತಡೆಯಲು ಶಿವಕಾಂತಾ, ಅನುರಾಧಾ ಇಬ್ಬರೂ ಜೊತೆಗೇ ಜಿಗಿದರು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಪಂಚಶೀಲಾಳ ಸೀಟಿ ಮೊಳಗಿತು.

ಅಫಜಲಪುರದವರು "ಆರು! ಆರು!" ಎಂದು ಎದ್ದು ನಿಂತು ಕೂಗಿದರು. ಆರು ಹೊರಗೆ ಹೋದರೆ ಪಂದ್ಯ ತಮ್ಮದು ಎಂದು ಅವರಿಗೆ ಗೊತ್ತಿತ್ತು. ಚಹಾದ ಕೋಚ್ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಆದರೆ ಮುಂಗೈಗೆ ಬಿದ್ದ ಪೆಟ್ಟು ಅನುರಾಧಾಳದು. ಪಂಚಶೀಲಾ ಅದನ್ನು ಎರಡು ಮಾರು ದೂರದಿಂದ ಕಣ್ಣಾರೆ ಕಂಡಿದ್ದಳು.

ಅವಳು ಓಡಲಿಲ್ಲ. ನಡೆದು ಬಂದು ಮೇಜಿನ ಎದುರು ನಿಂತಳು, ಉಸಿರು ಎಳೆದುಕೊಂಡಳು, ಆ ದೊಡ್ಡ ಕೈಯನ್ನು ಎತ್ತಿದಳು. ಕೈಬೆನ್ನಲ್ಲಿ ಎರಡು. ಅಂಗೈಯಲ್ಲಿ ನಾಲ್ಕು.

ಕಲ್ಯಾಣಕುಮಾರ ಮಾಸ್ತರರ ಕಿವಿಯಲ್ಲಿ "ಆರು" ತುಂಬಿಹೋಗಿತ್ತು. ಅವರು ಜವಾಬ್ ಎತ್ತಿದರು. ಬಲಗೈಯಲ್ಲಿ ಐದು, ಎಡಗೈಯಲ್ಲಿ ಒಂದು.

ಪಂಚಶೀಲಾ ತಲೆ ಅಲ್ಲಾಡಿಸಿದಳು. ನಿಂತ ಜಾಗದಿಂದ ಒಂದು ಬೆರಳಷ್ಟೂ ಕದಲಲಿಲ್ಲ. ಗದ್ದಲ ಇನ್ನೂ ಏರಿತು, ಯಾರೋ "ಲಗೂ ಮಾಡ್ರಿ!" ಎಂದು ಕಿರುಚಿದರು, ಅವಳು ಅತ್ತ ನೋಡಲಿಲ್ಲ. ಮತ್ತೆ ಕೈ ಎತ್ತಿ, ಲಾರಿಯ ಮೇಲಿಂದ ಗೇಟಿಗೆ ತೋರಿಸುವ ಹಾಗೆ ನಿಧಾನವಾಗಿ, ಕೈಬೆನ್ನಲ್ಲಿ ಎರಡು ತೋರಿಸಿ ನಿಲ್ಲಿಸಿದಳು. ಆಮೇಲೆ ಅಂಗೈ ತಿರುಗಿಸಿ ನಾಲ್ಕು ತೋರಿಸಿದಳು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಈ ಸಲ ಕಿವಿ ಬಿಟ್ಟು ಕಣ್ಣಿನಿಂದ ನೋಡಿದರು. ಅವರ ಕೈ ಮೇಲೆ ಬಂತು. ಕೈಬೆನ್ನಲ್ಲಿ ಎರಡು, ಅಂಗೈಯಲ್ಲಿ ನಾಲ್ಕು.

ಆಗ ಮೇಜಿನ ಹಿಂದಿನ ಕಟ್ಟೆಯ ಮೇಲೆ ಧಮ್ಮಪಾಲನ ಕೈ ತಾನಾಗಿಯೇ ಎದ್ದಿತು. ಮೂವತ್ತು ವರ್ಷದ ಅಭ್ಯಾಸ, ಲೆಕ್ಕ ಕಂಡರೆ ಜವಾಬ್ ಕೊಡಲೇಬೇಕು. ಪಕ್ಕದಲ್ಲಿ ಮುರ್ತುಜಾನ ಕೈ ಎದ್ದಿತು. ಆಮೇಲೆ ಇಪ್ಪತ್ತೂ ಜನರ ಕೈ ಒಟ್ಟಿಗೆ, ಚೀಲ ಹೊತ್ತು ಕಾಯಿಗಟ್ಟಿದ ಕೈಗಳು, ಮೊದಲು ಬೆನ್ನು, ಆಮೇಲೆ ಅಂಗೈ. ಒಬ್ಬನೂ ತಪ್ಪಲಿಲ್ಲ. ಕೂಗುತ್ತಿದ್ದ ಜನ ಬಾಯಿ ಮುಚ್ಚಿ ಇದೇನೆಂದು ಆ ಸಾಲನ್ನೇ ನೋಡತೊಡಗಿದರು. ಪಂಚಶೀಲಾಳ ಕಣ್ಣು ಮಂಜಾಯಿತು, ಆದರೆ ಸೀಟಿ ಬಾಯಲ್ಲಿತ್ತು, ರೆಫ್ರಿಗೆ ಅಳುವ ಹಕ್ಕಿಲ್ಲ.

ಅನುರಾಧಾಳಿಗೆ ಅದು ಮೂರನೆಯ ಫೌಲ್, ಶಿವಕಾಂತಾ ಅಂಗಳದಲ್ಲೇ ಉಳಿದಳು. ಅಫಜಲಪುರಕ್ಕೆ ಎರಡು ಫ್ರೀ ಥ್ರೋ ಸಿಕ್ಕು ಒಂದು ಒಳಗೆ ಬಿತ್ತು. ಒಂಬತ್ತು ಸೆಕೆಂಡ್ ಇರುವಾಗ ಶಿವಕಾಂತಾ ಮೂಲೆಯಿಂದ ಎಸೆದ ಚೆಂಡು ಬಳೆಯ ಮೇಲೆ ಎರಡು ಸಲ ಕುಣಿದು ಒಳಗಿಳಿಯಿತು. ನಿಂಬರ್ಗಾ ಐವತ್ತಮೂರು, ಅಫಜಲಪುರ ಐವತ್ತೆರಡು. ಗೆದ್ದ ಹುಡುಗಿಯರು ಕಪ್ಪಿಗಿಂತ ಮುಂಚೆ ಶಿವಕಾಂತಾಳನ್ನು ಎತ್ತಿಕೊಂಡರು. ಕೆಳಗಿಳಿದ ಮೇಲೆ ಅವಳು ಪಂಚಶೀಲಾಳ ಹತ್ತಿರ ಬಂದು ಅವಳ ಕೈ ಹಿಡಿದು ಕುಲುಕಿ ಹೋದಳು.

ಮಹಾದೇವಪ್ಪನವರು ಹಾಳೆ ಮಡಚಿಕೊಂಡು ಬಂದರು. "ಅದೇನಮ್ಮಾ, ಟೇಬಲ್‌ದವ್ರು ಕೈ ಎತ್ತೂತನಕ ನಿಂತೇ ಇರ್ತೀರಲ್ಲ?"

"ಜವಾಬ್ ತಗೋತೇನ್ರಿ ಸರ್."

"ಯಾವ ಪುಸ್ತಕದಾಗ ಅದ ಅದು?"

"ಪುಸ್ತಕದಾಗ ಇಲ್ರಿ. ನಮ್ಮಪ್ಪನ ದಾಲ್ ಮಿಲ್‌ದಾಗ ಅದ."

ಅವರು ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಏನೋ ಬರೆದುಕೊಂಡರು. "ಮುಂದಿನ ರೆಫ್ರಿ ಶಿಬಿರದಾಗ ಇದನ್ನ ಹುಡುಗ್ರಿಗಿ ನೀವೇ ಹೇಳಿಕೊಡ್ರಿ. ಉಳಿದಿದ್ದು ಪಟ್ಟಿ ಬಂದ ಮ್ಯಾಲ ತಿಳೀತದ" ಎಂದು ಹೊರಟರು. ಚಹಾದ ಕೋಚ್ ಎಲ್ಲಿ ಹೋದನೋ ಕಾಣಲಿಲ್ಲ.

ಪಟ್ಟಿ ಬಂದದ್ದು ಹತ್ತು ದಿನದ ಮೇಲೆ, ಬುಧವಾರ ಬೆಳಿಗ್ಗೆ, ಮೊಬೈಲಿಗೆ. ಪಂಚಶೀಲಾ ಶಾಲೆಗೆ ಹೊರಟವಳು ಬಸ್ಸು ಬಿಟ್ಟು ಮಿಲ್ಲಿಗೆ ಓಡಿದಳು. ಯಂತ್ರ ಭರ್ರನೆ ಓಡುತ್ತಿತ್ತು. ಧಮ್ಮಪಾಲ ಲಾರಿಯ ಮೇಲೆ ಚೀಲ ಸರಿಮಾಡುತ್ತಿದ್ದ. "ಅಪ್ಪಾ!" ಎಂದು ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಅವನು ತಲೆ ಎತ್ತಿ ಗೇಟಿನ ಹತ್ತಿರ ನಿಂತ ಮಗಳನ್ನು ಕಂಡ. ಸೊಂಟಕ್ಕೆ ಕೈ ಕೊಟ್ಟು, ಏನಾಯಿತು ಎಂದು ಗದ್ದ ಎತ್ತಿದ.

ರಾಜ್ಯದ ಪಟ್ಟಿಯಲ್ಲಿ ಅವಳ ಕ್ರಮಸಂಖ್ಯೆ ನಲವತ್ತೇಳು. ಪಂಚಶೀಲಾ ಕೈ ಎತ್ತಿದಳು. ಕೈಬೆನ್ನಲ್ಲಿ ನಾಲ್ಕು. ಆಮೇಲೆ ಎರಡೂ ಅಂಗೈ, ಐದು ಮತ್ತು ಎರಡು. ತೋರಿಸಿ, ಜವಾಬಿಗಾಗಿ ನಿಂತಳು.

ಧಮ್ಮಪಾಲ ಸೊಂಟದಿಂದ ಕೈ ತೆಗೆದ. ಪಟ್ಟಿ ಬಂದಿದೆ, ಅದರಲ್ಲಿ ಮಗಳ ನಂಬರು ಇದು ಎಂದು ಅರ್ಥವಾಯಿತು. ಚೀಲದ ರಾಶಿಯ ತುದಿಗೆ ಹತ್ತಿ ನಿಂತು, ಕೈ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಎತ್ತಿ, ಕೈಬೆನ್ನಲ್ಲಿ ನಾಲ್ಕು, ಅಂಗೈಯಲ್ಲಿ ಏಳು ತೋರಿಸಿದ. ಕೈ ಇಳಿಸಲೇ ಇಲ್ಲ.

ಕೆಳಗೆ ಕೂತಿದ್ದ ಗುರುಶಾಂತ ಗಾಬರಿಯಾದ. ಅರ್ಧ ತುಂಬಿದ ಲಾರಿಗೆ ಒಂದೇ ಸಲಕ್ಕೆ ನಲವತ್ತೇಳು ಚೀಲ ಎಲ್ಲಿಂದ ಏರಿದವು! ಆದರೂ ನಿಯಮ ಬಿಡುವ ಹಾಗಿಲ್ಲ ಎಂದು ಜವಾಬ್ ಎತ್ತಿ, ಪುಸ್ತಕದಲ್ಲಿ ಬರೆಯಲು ಬಗ್ಗಿದ. ಅಷ್ಟರಲ್ಲಿ ಯಾರೋ ಯಂತ್ರ ನಿಲ್ಲಿಸಿದರು. ಸದ್ದಿಲ್ಲದ ಅಂಗಳದಲ್ಲಿ, ಲಾರಿಯ ಮೇಲಿಂದ ಧಮ್ಮಪಾಲ ಎರಡೂ ಮುಷ್ಟಿ ಗಿರಿಗಿರಿ ತಿರುಗಿಸುತ್ತಾ ಕೂಗಿದ.

"ಬರೀಬ್ಯಾಡ್ರಿ ಗುರುಶಾಂತಪ್ಪಾ! ಅವು ಚೀಲ ಅಲ್ರಿ. ಆಕಿ ನನ್ನ ಮಗಳು!"